1929ರ ಯುರೋಪ್ ಒಕ್ಕೂಟ: ಬ್ರಿಯಾಂಡ್‌ದು ಬರೀ ಕನಸಾ, ಇಲ್ಲಾ ಫ್ರಾನ್ಸ್‌ನ ಲೆಕ್ಕಾಚಾರಾನಾ?

ಕೆಎ17_ಓದುಗ (ದಾವಣಗೆರೆ)

ಎಲ್ರಿಗೂ ನಮಸ್ಕಾರ. ಕೆಎಎಸ್‌ಗೆ ಓದ್ತಾ ಇದೀನಿ, ವಿದ್ಯಾನಗರದಲ್ಲಿ ಮೂರು ಜನ ರೂಮ್ ಮಾಡ್ಕೊಂಡಿದೀವಿ. ನಿನ್ನೆ ಮಿರ್ಚಿ ಮಂಡಕ್ಕಿ ತಿಂತಾ ಶುರುವಾದ ವಾದ ರೂಮಿಗೆ ಬಂದ್ರೂ ಮುಗೀಲಿಲ್ಲ, ಅದಕ್ಕೇ ಇಲ್ಲಿ ಹಾಕ್ತಿದೀನಿ. ಯುರೋಪಿಯನ್ ಯೂನಿಯನ್ ಅನ್ನೋ ಯೋಚನೆ ಮೊದಲು ಯಾರ್ದು ಅಂತ. ಒಬ್ಬ ಚರ್ಚಿಲ್ ಅಂತಾನೆ, 1946ರ ಜ್ಯೂರಿಕ್ ಭಾಷಣ ತೋರಿಸ್ತಾನೆ. ಇನ್ನೊಬ್ಬ ಫ್ರಾನ್ಸ್‌ನ ವಿದೇಶಾಂಗ ಮಂತ್ರಿ ಶೂಮನ್, 1950. ನಾನು 1929ರಲ್ಲಿ ಫ್ರಾನ್ಸ್‌ನ ಪ್ರಧಾನಿ ಆಗಿದ್ದ ಅರಿಸ್ಟೀಡ್ ಬ್ರಿಯಾಂಡ್ ಅಂದೆ, ಇಬ್ರೂ ನಕ್ಕುಬಿಟ್ರು, ಕೆಲಾಗ್-ಬ್ರಿಯಾಂಡ್ ಒಪ್ಪಂದದೋನಾ, ಯುದ್ಧಾನೇ ಬ್ಯಾನ್ ಮಾಡಿದ ಮಹಾಶಯ ಅಂತ.

ನಂಗೆ ಗೊತ್ತಿರೋದು ಇಷ್ಟು: 1929 ಸೆಪ್ಟೆಂಬರ್ 5ಕ್ಕೆ ಜಿನೀವಾದಲ್ಲಿ, ರಾಷ್ಟ್ರಸಂಘದ (ಲೀಗ್ ಆಫ್ ನೇಷನ್ಸ್) ಸಭೇಲಿ ಎದ್ದು ನಿಂತು ಯುರೋಪಿನ ದೇಶಗಳ ಮಧ್ಯೆ ಒಂಥರಾ ಫೆಡರಲ್ ಸಂಬಂಧ ಇರ್ಬೇಕು ಅಂದ. ಮುಂದಿನ ವರ್ಷ ಅದನ್ನ ಬರವಣಿಗೆಲೂ ಕೊಟ್ಟ. ಆಮೇಲೆ ಏನೂ ಆಗ್ಲಿಲ್ಲ. ಕೋಚಿಂಗ್ ನೋಟ್ಸಲ್ಲಿ ಇದಕ್ಕೆ ಒಂದೇ ಸಾಲು, "ಆರ್ಥಿಕ ಕುಸಿತದಿಂದ ವಿಫಲವಾಯಿತು", ಮುಗೀತು. ಆದ್ರೆ ಹತ್ತು ವರ್ಷ ಹಿಂದೆ ಲಕ್ಷಗಟ್ಲೆ ಜನ ಸಾಯೋ ಥರ ಹೊಡೆದಾಡ್ಕೊಂಡ ಫ್ರಾನ್ಸ್ ಮತ್ತೆ ಜರ್ಮನಿನ ಒಂದೇ ಮನೇಲಿ ಕೂರ್ಸೋಣ ಅಂತ ಒಬ್ಬ ಪ್ರಧಾನಿ ಹೇಳ್ತಾನೆ ಅಂದ್ರೆ ಸುಮ್ನೆ ಹೇಳ್ತಾನಾ? ಅವನು ನಿಜವಾಗ್ಲೂ ನಂಬಿದ್ನಾ, ಇಲ್ಲಾ ಜರ್ಮನಿನ ಕಟ್ಟಿಹಾಕೋಕೆ ಹೊಸ ಹಗ್ಗ ಹುಡುಕ್ತಿದ್ನಾ? ಅವನ ಕೈಲಿ ಆಗದೇ ಇದ್ದಿದ್ದು ಶೂಮನ್ ಕೈಲಿ ಹೆಂಗಾಯ್ತು? ತಿಳಿದೋರು ಸ್ವಲ್ಪ ಬಿಡಿಸಿ ಹೇಳಿ.


ಕೋಟೆ_ಕಲ್ಲು (ಚಿತ್ರದುರ್ಗ)

ಒಳ್ಳೆ ಪ್ರಶ್ನೆ ಗುರು. ಮೊದಲಿಗರು ಯಾರು ಅನ್ನೋ ಜಗಳ ಮಾತ್ರ ಬಿಟ್ಬಿಡಿ, ಅದಕ್ಕೆ ಕೊನೆ ಇಲ್ಲ. ವಿಕ್ಟರ್ ಹ್ಯೂಗೋ 1849ರ ಪ್ಯಾರಿಸ್ ಶಾಂತಿ ಸಮ್ಮೇಳನದಲ್ಲೇ ಯುರೋಪಿನ ಸಂಯುಕ್ತ ಸಂಸ್ಥಾನ ಅಂತ ಭಾಷಣ ಮಾಡಿದ್ದ. 1920ರ ದಶಕದಲ್ಲಿ ಕೂಡೆನ್‌ಹೋವ್-ಕಲೆರ್ಗಿ ಅಂತ ಒಬ್ಬ ಕೌಂಟ್, ಅಪ್ಪ ಆಸ್ಟ್ರಿಯಾದ ರಾಯಭಾರಿ ಕಚೇರಿಯೋನು, ಅಮ್ಮ ಜಪಾನಿನೋಳು, ಅವನು ಪ್ಯಾನ್ ಯುರೋಪ್ ಚಳವಳಿ ಶುರು ಮಾಡಿದ, ಅದಕ್ಕೆ 1927ರಲ್ಲಿ ಗೌರವಾಧ್ಯಕ್ಷ ಆಗಿದ್ದು ಇದೇ ಬ್ರಿಯಾಂಡ್. ಬ್ರಿಯಾಂಡ್ ವಿಶೇಷ ಏನಂದ್ರೆ ಕವಿಗಳು, ಕೌಂಟ್‌ಗಳು ಹೇಳ್ತಿದ್ದ ಮಾತನ್ನ ಅಧಿಕಾರದ ಕುರ್ಚೀಲಿ ಕೂತೋನೊಬ್ಬ ಸರ್ಕಾರಗಳ ಮುಂದೆ ಅಧಿಕೃತವಾಗಿ ಇಟ್ಟ, ಅದು ಮೊದಲನೇ ಸಲ.

ಮನುಷ್ಯನ್ನ ಸ್ವಲ್ಪ ನೋಡಿ. 1862ರಲ್ಲಿ ನಾಂಟ್ ಊರಲ್ಲಿ ಹುಟ್ಟಿದೋನು, ಹನ್ನೊಂದು ಸಲ ಪ್ರಧಾನಿ, 1925ರಿಂದ 1932ರ ಜನವರಿವರೆಗೆ ಹೆಚ್ಚೂಕಮ್ಮಿ ಬಿಡದೇ ವಿದೇಶಾಂಗ ಮಂತ್ರಿ. ಯಾವ ಸರ್ಕಾರ ಬಿದ್ರೂ ಇವನು ಬೀಳ್ತಿರ್ಲಿಲ್ಲ. ಸುಮ್ನೆ ಕನಸು ಕಾಣೋನು ಅಷ್ಟು ದಿನ ಬಾಳಲ್ಲ. 1925ರಲ್ಲಿ ಲೊಕಾರ್ನೊ ಒಪ್ಪಂದ, ಅದ್ರಲ್ಲಿ ಜರ್ಮನಿ ತನ್ನ ಪಶ್ಚಿಮದ ಗಡಿ ಒಪ್ಕೊಳ್ತು. 1926ರಲ್ಲಿ ಜರ್ಮನಿ ರಾಷ್ಟ್ರಸಂಘಕ್ಕೆ ಬಂದಾಗ ಬಂದೂಕು, ಫಿರಂಗಿ ಎಲ್ಲಾ ಆಚೆ ಹೋಗ್ಲಿ, ರಾಜಿಗೆ ಜಾಗ ಬಿಡಿ ಅಂತ ಮಾಡಿದ ಭಾಷಣ ಭಾರೀ ಫೇಮಸ್ಸು. ಅದಾದ ಒಂದು ವಾರಕ್ಕೆ, ಸೆಪ್ಟೆಂಬರ್ 17ಕ್ಕೆ, ಇವನೂ ಜರ್ಮನಿಯ ವಿದೇಶಾಂಗ ಮಂತ್ರಿ ಸ್ಟ್ರೆಸೆಮನ್ನೂ ಪತ್ರಕರ್ತರ ಕಣ್ಣು ತಪ್ಪಿಸಿ ಜಿನೀವಾ ಪಕ್ಕದ ತ್ವಾರಿ ಅನ್ನೋ ಹಳ್ಳಿಗೆ ಹೋಗಿ ಒಂದು ಸಣ್ಣ ಹೋಟ್ಲಲ್ಲಿ ಗಂಟೆಗಟ್ಲೆ ಊಟ ಮಾಡ್ಕೊಂಡು ಕೂತ್ರು. ನಮ್ಮ ಪಶ್ಚಿಮದ ರೈನ್‌ಲ್ಯಾಂಡಲ್ಲಿರೋ ನಿಮ್ಮ ಸೈನ್ಯ ವಾಪಸ್ ಕರ್ಕೊಳ್ಳಿ ಅಂತ ಸ್ಟ್ರೆಸೆಮನ್, ಹಂಗಾದ್ರೆ ಯುದ್ಧ ಪರಿಹಾರದ ದುಡ್ಡು ಬೇಗ ಬರ್ಬೇಕು ಅಂತ ಬ್ರಿಯಾಂಡ್. ಅವತ್ತಿನ ಮಾತು ದಡ ಸೇರ್ಲಿಲ್ಲ, ಆದ್ರೆ ಅದೇ ವರ್ಷ ಇಬ್ರಿಗೂ ಸೇರ್ಸಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು.

ಈಗ 1929. ಬ್ರಿಯಾಂಡ್ ಭಾಷಣ ಮಾಡಿದ್ದು ಸೆಪ್ಟೆಂಬರ್ 5, ಸ್ಟ್ರೆಸೆಮನ್ ಉತ್ತರ ಕೊಟ್ಟಿದ್ದು 9ಕ್ಕೆ. ಅವನು ರಾಜಕೀಯ ಒಕ್ಕೂಟದ ಬಗ್ಗೆ ಜಾಸ್ತಿ ಬಾಯಿ ಬಿಡ್ಲಿಲ್ಲ, ಯುರೋಪಿಗೇ ಒಂದು ನಾಣ್ಯ ಎಲ್ಲಿ, ಒಂದು ಅಂಚೆಚೀಟಿ ಎಲ್ಲಿ ಅಂತ ಕೇಳ್ದ. ಯುದ್ಧ ಆದ್ಮೇಲೆ ಹೊಸ ಹೊಸ ದೇಶ ಹುಟ್ಟಿ ಎಲ್ಲಾ ಕಡೆ ಹೊಸ ಸುಂಕದ ಗೋಡೆ ಎದ್ದಿತ್ತಲ್ಲ, ವ್ಯಾಪಾರಕ್ಕೆ ಅದೇ ದೊಡ್ಡ ತಲೆನೋವು. ಬ್ರಿಯಾಂಡ್ ಕೂಡ ಅವತ್ತಿನ ಭಾಷಣದಲ್ಲಿ ಮೊದಲು ಆರ್ಥಿಕ ವಿಷಯದಿಂದ ಶುರು ಮಾಡೋಣ ಅಂತಾನೇ ಹೇಳಿದ್ದ. ಇದನ್ನ ನೆನಪಿಟ್ಕೊಳ್ಳಿ.

ಆಮೇಲೆ ಒಂದ್ರ ಹಿಂದೆ ಒಂದು. ಅಕ್ಟೋಬರ್ 3ಕ್ಕೆ ಸ್ಟ್ರೆಸೆಮನ್ ತೀರ್ಕೊಂಡ. ಅದೇ ತಿಂಗಳು ಪ್ಯಾರಿಸ್‌ನಲ್ಲಿ ಬ್ರಿಯಾಂಡ್ ಸರ್ಕಾರ ಬಿತ್ತು, ವಿದೇಶಾಂಗ ಖಾತೆ ಮಾತ್ರ ಉಳೀತು. ಅದೇ ತಿಂಗಳ ಕೊನೇಲಿ ನ್ಯೂಯಾರ್ಕ್ ಷೇರುಪೇಟೆ ಬಿತ್ತು. 1930 ಮೇ ತಿಂಗಳಲ್ಲಿ ಲಿಖಿತ ಪ್ರಸ್ತಾವನೆ ಹೊರಗೆ ಬಂತು, ಕರಡು ಬರೆದಿದ್ದು ಅವನ ಕಚೇರಿಯ ಅಲೆಕ್ಸಿ ಲೆಜೆ, ಮುಂದೆ ಸೇಂಟ್-ಜಾನ್ ಪರ್ಸ್ ಅನ್ನೋ ಹೆಸ್ರಲ್ಲಿ 1960ರ ಸಾಹಿತ್ಯದ ನೊಬೆಲ್ ಪಡೆದ ಕವಿ ಇವನೇ. (ಸರ್ಕಾರಿ ಕಡತ ಕವಿ ಕೈಲಿ ಬರೆಸಿದ್ರೆ ಹೆಂಗಿರುತ್ತೆ ಅಂತ ನೋಡ್ಬೇಕಂದ್ರೆ ಅದನ್ನ ಓದಿ, ವಾಕ್ಯಗಳು ಮುಗಿಯೋದೇ ಇಲ್ಲ.) 26 ಸರ್ಕಾರಗಳಿಗೆ ಕಳಿಸಿದ್ರು. ಒಂದು ಯುರೋಪಿಯನ್ ಸಮ್ಮೇಳನ, ಒಂದು ಕಾಯಂ ಸಮಿತಿ, ಒಂದು ಸೆಕ್ರೆಟೇರಿಯಟ್. ಅಷ್ಟರೊಳಗೆ ಕ್ರಮಾನೇ ತಿರುಗುಮುರುಗು ಆಗಿತ್ತು ನೋಡಿ: ರಾಜಕೀಯ, ಭದ್ರತೆ ಮೊದಲು, ಆರ್ಥಿಕ ವಿಷಯ ಅದರ ಹಿಂದೆ. ಜೊತೆಗೆ ಯಾವ ದೇಶದ ಸಾರ್ವಭೌಮತ್ವಕ್ಕೂ ಚೂರೂ ಧಕ್ಕೆ ಇಲ್ಲ ಅಂತ ಒತ್ತಿ ಒತ್ತಿ ಬರೆದಿದ್ರು.

ನನ್ನ ಪ್ರಕಾರ ಪ್ಲ್ಯಾನ್ ಸತ್ತಿದ್ದು ಇಲ್ಲೇ. ಯಾರೂ ಏನೂ ಬಿಟ್ಟುಕೊಡೋ ಹಂಗಿಲ್ಲ ಅಂದ್ಮೇಲೆ ಒಕ್ಕೂಟ ಅಂದ್ರೇನು? ವರ್ಷಕ್ಕೊಂದ್ಸಲ ಕೂತು ಕಾಫಿ ಕುಡಿಯೋದಾ? ಇನ್ನೊಂದು ಕಡೆ ಭದ್ರತೆ ಮೊದಲು ಅಂದ್ರೆ ಬರ್ಲಿನ್‌ನೋರ ಕಿವಿಗೆ ಕೇಳಿಸಿದ್ದೇ ಬೇರೆ, 1919ರ ವರ್ಸೇಲ್ಸ್ ಒಪ್ಪಂದದಲ್ಲಿ ಎಳೆದ ಗಡಿ ಗೆರೆಗೆ ಇನ್ನೊಂದು ಬೀಗ ಅಂತ. ಜರ್ಮನಿಗೆ ಪೂರ್ವದ ಗಡಿ, ಪೋಲೆಂಡ್ ಕಡೇದು, ಬದಲಾಗ್ಬೇಕಿತ್ತು, ಲೊಕಾರ್ನೊದಲ್ಲೂ ಅದಕ್ಕೆ ಗ್ಯಾರಂಟಿ ಕೊಟ್ಟಿರ್ಲಿಲ್ಲ. ಅಂದ್ರೆ ಫ್ರಾನ್ಸ್‌ಗೆ ಬೇಕಿದ್ದಿದ್ದು ಪುಕ್ಕಟೆ ಸಿಗ್ತಿತ್ತು, ಜರ್ಮನಿಗೆ ಬೇಕಿದ್ದಿದ್ದು ಮೇಜಿನ ಮೇಲೇ ಇರ್ಲಿಲ್ಲ. ಹಂಗಾಗಿ ನಿಮ್ಮ ಪ್ರಶ್ನೆಗೆ ನನ್ನ ಉತ್ತರ, ಎರಡೂ. ಅವನು ನಂಬಿದ್ದ, ನಂಬ್ಕೊಂಡೇ ಲೆಕ್ಕಾನೂ ಹಾಕಿದ್ದ.

1930 ಸೆಪ್ಟೆಂಬರ್ 14ರ ಜರ್ಮನ್ ಚುನಾವಣೇಲಿ ನಾಝಿಗಳು 12 ಸೀಟಿಂದ 107ಕ್ಕೆ ಹಾರಿದ್ರು. ಅದೇ ತಿಂಗಳು ರಾಷ್ಟ್ರಸಂಘ ಬ್ರಿಯಾಂಡ್ ಪ್ರಸ್ತಾವನೆನ ಒಂದು ಅಧ್ಯಯನ ಸಮಿತಿಗೆ ಕಳಿಸ್ತು, ಅದಕ್ಕೆ ಅವನನ್ನೇ ಅಧ್ಯಕ್ಷ ಮಾಡ್ತು. ಸಮಿತಿಗೆ ಹೋಯ್ತು ಅಂದ್ರೆ ಏನರ್ಥ ಅಂತ ನಮ್ಮೋರಿಗೆ ಬೇರೆ ಹೇಳ್ಬೇಕಾ. 1931 ಮಾರ್ಚಲ್ಲಿ ಜರ್ಮನಿ, ಆಸ್ಟ್ರಿಯಾ ಸೇರ್ಕೊಂಡು ತಮ್ಮದೇ ಸುಂಕದ ಒಕ್ಕೂಟ ಮಾಡ್ತೀವಿ ಅಂದ್ರು, ಪ್ಯಾರಿಸ್‌ನಲ್ಲಿ ಎಲ್ರೂ ನೋಡಪ್ಪಾ ನಿನ್ನ ಸ್ನೇಹಿತರು ಅಂತ ಬ್ರಿಯಾಂಡ್ ಮೇಲೆ ಬಿದ್ರು. ಮೇ 13ಕ್ಕೆ ರಾಷ್ಟ್ರಾಧ್ಯಕ್ಷ ಚುನಾವಣೇಲಿ ಸೋತ. 1932 ಮಾರ್ಚ್ 7ಕ್ಕೆ ತೀರ್ಕೊಂಡ.

ಶೂಮನ್ ವಿಷಯ ಬೇರೆ. 1950 ಮೇ 9ಕ್ಕೆ ಅವನು ಇಟ್ಟಿದ್ದು ಬರೀ ಕಲ್ಲಿದ್ದಲು ಮತ್ತೆ ಉಕ್ಕು. ಕರಡು ಫ್ರಾನ್ಸ್‌ನ ಯೋಜನಾ ಮುಖ್ಯಸ್ಥ ಜಾನ್ ಮೊನೇದು. ಫಿರಂಗಿ ಮಾಡೋ ಸಾಮಾನೇ ಜಾಯಿಂಟ್ ಅಕೌಂಟಲ್ಲಿ ಹಾಕ್ಬಿಟ್ರೆ ಇನ್ನೊಬ್ಬನ ಸಹಿ ಇಲ್ದೆ ಯಾರೂ ಡ್ರಾ ಮಾಡೋಕಾಗಲ್ಲ, ಅಷ್ಟೇ ತಂತ್ರ. ಮೇಲೊಂದು ಹೈ ಅಥಾರಿಟಿ, ಅದು ತೀರ್ಮಾನ ಮಾಡಿದ್ರೆ ಸರ್ಕಾರಗಳು ಕೇಳ್ಬೇಕು. ಬ್ರಿಯಾಂಡ್ ಇಡೀ ಯುರೋಪ್ ಕರ್ದು ಏನೂ ಬಿಡ್ಬೇಡಿ ಅಂದ, ಶೂಮನ್ ಕೈಲಿ ಸೇರಿದ್ದು ಆರೇ ದೇಶ, ಆದ್ರೆ ಅವು ನಿಜವಾಗ್ಲೂ ಬಿಟ್ಟುಕೊಟ್ವು. ಎಲ್ಲಾ ಒಂದೇ ಸಲಕ್ಕೆ ಆಗಲ್ಲ ಅಂತ ಅವನ ಘೋಷಣೇಲೇ ಇದೆ.


ಮಂಡಕ್ಕಿ_ಭಟ್ಟಿ (ದಾವಣಗೆರೆ)

ಕೋಟೆ ಅಣ್ಣ, ಬರ್ದಿದ್ದು ಸೂಪರ್, ಆದ್ರೆ ಕೊನೇ ಪ್ಯಾರಾ ಒಪ್ಪಲ್ಲ. ಪ್ಲ್ಯಾನ್ ಚೆನ್ನಾಗಿ ಬರೆದ್ರೆ ದೇಶಗಳು ಒಂದಾಗ್ತವೆ ಅನ್ನೋ ಥರ ಇದೆ. 1950ರ ಜರ್ಮನಿ ಹೆಂಗಿತ್ತು ಹೇಳಿ. ದೇಶ ಎರಡು ಹೋಳಾಗಿತ್ತು, ಪರದೇಶದ ಸೈನ್ಯ ಒಳಗೇ ಕೂತಿತ್ತು, ರೂರ್ ಅನ್ನೋ ಅವರ ಕೈಗಾರಿಕಾ ಪ್ರದೇಶದ ಕಲ್ಲಿದ್ದಲಿನ ಮೇಲೆ ಆಗ್ಲೇ ಅಂತಾರಾಷ್ಟ್ರೀಯ ಪ್ರಾಧಿಕಾರ ಇತ್ತು. ಪಶ್ಚಿಮ ಜರ್ಮನಿಯ ಚಾನ್ಸಲರ್ ಅಡೆನೋವರ್ ಏನು ಬಿಟ್ಟುಕೊಟ್ಟ? ಅವನ ಕೈಲಿ ಇಲ್ದೇ ಇದ್ದಿದ್ದನ್ನ ಬಿಟ್ಟುಕೊಟ್ಟು ಬದಲಿಗೆ ಸಮಾನ ಸ್ಥಾನ ಪಡೆದ, ಅವನಿಗೆ ಲಾಭಾನೇ. ಮೇಲಿಂದ ಅಮೆರಿಕದ ಮಾರ್ಷಲ್ ಪ್ಲ್ಯಾನ್ ದುಡ್ಡು, ಸಾವಿರದ ಮುನ್ನೂರು ಕೋಟಿ ಡಾಲರ್ ಆಸುಪಾಸು, ಒಟ್ಟಿಗೆ ಕೂತು ಹಂಚ್ಕೊಳ್ಳಿ ಅಂತ ಷರತ್ತು ಹಾಕಿ ಕೊಟ್ಟಿದ್ದು. ಆ ಕಡೆ ಸ್ಟಾಲಿನ್ ಬರ್ಲಿನ್‌ಗೆ ದಿಗ್ಬಂಧನ ಹಾಕಿ ತೆಗೆದು ಒಂದು ವರ್ಷ ಆಗಿತ್ತು ಅಷ್ಟೇ. ಭಯ ಒಂದು ಕಡೆ ದುಡ್ಡು ಒಂದು ಕಡೆ ಇದ್ರೆ ಎಂಥೋರೂ ಒಂದಾಗ್ತಾರೆ.

ಬ್ರಿಯಾಂಡ್ ಕಾಲದಲ್ಲಿ ಅಮೆರಿಕ ಸಾಲ ವಸೂಲಿಗೆ ಕೂತಿತ್ತು. 1932ರಲ್ಲಿ ಜರ್ಮನೀಲಿ ಅರವತ್ತು ಲಕ್ಷ ಜನ ಕೆಲಸ ಇಲ್ದೆ ಕೂತಿದ್ರು, ಅವರಿಗೆ ಸೆಕ್ರೆಟೇರಿಯಟ್ ತೋರ್ಸಿದ್ರೆ ಹೊಟ್ಟೆ ತುಂಬುತ್ತಾ? ಮೊದಲು ಉಕ್ಕು ಅಂತ ಅವನು ಬರೆದಿದ್ರೂ ಸೋಲ್ತಿದ್ದ. ಅಷ್ಟೇ ಯಾಕೆ, ಶೂಮನ್ ದಾರೀಲೇ ಇನ್ನೊಂದು ಹೆಜ್ಜೆ ಅಂತ ಜಂಟಿ ಸೈನ್ಯದ ಯೋಜನೆ ಬಂತಲ್ಲ, ಅದನ್ನ 1954 ಆಗಸ್ಟ್ 30ಕ್ಕೆ ಕೊಂದಿದ್ದು ಫ್ರಾನ್ಸ್‌ನ ಪಾರ್ಲಿಮೆಂಟೇ. ಸಾರ್ವಭೌಮತ್ವ ಬಿಡೋ ಮಾತು ಬಂದಾಗ ಮೊದಲು ಓಡೋರು ಅವರೇ.

ಶೂಮನ್ ಬಗ್ಗೆ ಒಂದು ಒಪ್ತೀನಿ. ಹುಟ್ಟಿದ್ದು ಲಕ್ಸೆಂಬರ್ಗ್, ಅಪ್ಪ ಲೊರೇನ್‌ನೋನು, 1871ರಲ್ಲಿ ಆ ಪ್ರಾಂತ್ಯ ಜರ್ಮನಿಗೆ ಹೋದಾಗ ಅಪ್ಪನೂ ಜರ್ಮನ್ ಪ್ರಜೆ ಆದ, ಮಗ ಓದಿದ್ದು ಬಾನ್, ಮ್ಯೂನಿಕ್, ಬರ್ಲಿನ್ನಲ್ಲಿ, ಫ್ರೆಂಚ್ ಪ್ರಜೆ ಆಗಿದ್ದು ಮೊದಲ ಮಹಾಯುದ್ಧ ಮುಗಿದ್ಮೇಲೆ. ಗಡಿ ತಲೆ ಮೇಲೆ ಹಾದು ಹೋದೋನಿಗೆ ಗಡಿ ಬೆಲೆ ಗೊತ್ತಿರುತ್ತೆ.


ಕೆಎ17_ಓದುಗ (ದಾವಣಗೆರೆ)

ಇಬ್ರಿಗೂ ಥ್ಯಾಂಕ್ಸ್, ನೋಟ್ಸ್ ಪಕ್ಕಕ್ಕಿಟ್ಟು ಇದನ್ನೇ ಬರ್ಕೊಳ್ತಿದೀನಿ. ಎರಡು ಡೌಟು. ಬ್ರಿಟನ್ ಯಾಕೆ ಒಪ್ಲಿಲ್ಲ? ಚರ್ಚಿಲ್ ಅಂದ ನಮ್ಮ ರೂಮಿನೋನು ಬ್ರಿಟನ್ನೇ ಇದಕ್ಕೆ ಅಪ್ಪ ಅಂತ ಕೂತಿದಾನೆ. ಇನ್ನೊಂದು, ನಮ್ಮ ದೇಶಾನೂ ರಾಷ್ಟ್ರಸಂಘದಲ್ಲಿ ಇತ್ತಲ್ವಾ, ನಮ್ಗೂ ಇದಕ್ಕೂ ಏನಾದ್ರೂ ಸಂಬಂಧ ಇತ್ತಾ?


ಕೋಟೆ_ಕಲ್ಲು (ಚಿತ್ರದುರ್ಗ)

ಮಂಡಕ್ಕಿ, ನೀನು ಹೇಳಿದ ಭಯ, ದುಡ್ಡು ಎರಡೂ ಸರಿ. ಆದ್ರೆ ರಷ್ಯಾದ ಭಯ, ಅಮೆರಿಕದ ಒತ್ತಾಸೆ 1954ರಲ್ಲೂ ಇತ್ತಲ್ಲ, ಸೈನ್ಯದ ಯೋಜನೆ ಯಾಕೆ ಬಿತ್ತು, ಉಕ್ಕಿಂದು ಯಾಕೆ ನಿಂತ್ಕೊಳ್ತು? ಏನು ಮೊದಲು ಕೇಳ್ತೀವಿ ಅನ್ನೋದಕ್ಕೂ ತೂಕ ಇದೆ ಅಂತ ನಿನ್ನ ಉದಾಹರಣೆನೇ ಹೇಳುತ್ತೆ.

ಬ್ರಿಟನ್ ವಿಷಯ. 1930 ಜುಲೈಯಲ್ಲಿ ಅವರ ಉತ್ತರ ಬಂತು, ಭಾರೀ ಮರ್ಯಾದೆಯಿಂದ ಬೇಡ ಅಂದಿದ್ದು. ರಾಷ್ಟ್ರಸಂಘ ಇರೋವಾಗ ಇನ್ನೊಂದು ಸಂಸ್ಥೆ ಬಂದ್ರೆ ಅದರ ಬಲ ಕಮ್ಮಿ ಆಗುತ್ತೆ ಅಂತ ಒಂದು, ನಾವು ಬರೀ ಯುರೋಪಿನೋರಲ್ಲ, ನಮಗೆ ಕಾಮನ್‌ವೆಲ್ತ್ ಇದೆ ಅಂತ ಇನ್ನೊಂದು. ಇಟಲಿ ಬೇರೆ ರಾಗ ತೆಗೀತು, ರಷ್ಯಾ, ಟರ್ಕಿನೂ ಕರೀರಿ ಅಂತ, ಅವೆರಡೂ ಆಗ ರಾಷ್ಟ್ರಸಂಘದಲ್ಲೇ ಇರ್ಲಿಲ್ಲ. ಕೆಡಿಸೋಕೆ ಇಷ್ಟು ಸಾಕು. ಸಾಮ್ರಾಜ್ಯ ಕೈಲಿರೋ ತನಕ ಬ್ರಿಟನ್‌ಗೆ ಯುರೋಪು ಪಕ್ಕದ ಬೀದಿ. ನಿಮ್ಮ ಸ್ನೇಹಿತನಿಗೆ ಜ್ಯೂರಿಕ್ ಭಾಷಣದ ಕೊನೆ ಓದಿಸಿ, ಫ್ರಾನ್ಸ್ ಜರ್ಮನಿ ಸೇರಿ ಮುಂದಾಳತ್ವ ವಹಿಸ್ಲಿ, ಬ್ರಿಟನ್, ಅಮೆರಿಕ ಇವೆಲ್ಲಾ ಹೊಸ ಯುರೋಪಿನ ಹಿತೈಷಿಗಳಾಗಿ ಇರ್ಲಿ ಅಂತಾನೆ ಚರ್ಚಿಲ್. ಮದುವೆ ಮಾಡಿಸ್ತೀನಿ, ಪೆಂಡಾಲ್ ಒಳಗೆ ಮಾತ್ರ ಕೂರಲ್ಲ. 1950ರಲ್ಲೂ ಸೇರ್ಲಿಲ್ಲ, ಆಮೇಲೆ ಅರ್ಜಿ ಹಾಕಿದಾಗ 1963, 1967 ಎರಡು ಸಲ ಫ್ರಾನ್ಸ್ ಅಧ್ಯಕ್ಷ ಡಿ ಗಾಲ್ ಬಾಗಿಲು ಹಾಕಿದ, 1973ಕ್ಕೆ ಒಳಗೆ ಹೋಯ್ತು, 2020ಕ್ಕೆ ಆಚೆ ಬಂತು.

ಭಾರತದ ವಿಷಯ ಮೇಷ್ಟ್ರು ಬಂದ್ರೆ ಚೆನ್ನಾಗಿ ಹೇಳ್ತಾರೆ.


ಹರಿಹರದ_ಮೇಷ್ಟ್ರು (ನಿವೃತ್ತ)

ಬಂದೆ ಬಂದೆ. ಕಣ್ಣು ಆಪರೇಷನ್ ಆಗ್ಯದೆ, ಮೊಮ್ಮಗಳು ಟೈಪ್ ಮಾಡ್ತಾಳೆ, ತಪ್ಪಿದ್ರೆ ಅವಳನ್ನ ಕೇಳ್ರಿ.

ತಮ್ಮಾ, ಆ ಪ್ರಸ್ತಾವನೆ ಯುರೋಪಿನ ಸದಸ್ಯ ದೇಶಗಳಿಗೆ ಮಾತ್ರ ಹೋಗಿದ್ದು, ನಮಗೆ ಬರಲಿಲ್ಲ. ನಾವು ರಾಷ್ಟ್ರಸಂಘದಲ್ಲಿ ಸದಸ್ಯರೇನೋ ಹೌದು, ಆದ್ರೆ ಮಾತಾಡೋದು ಲಂಡನ್ ಹೇಳಿದಂಗೆ. ಆದ್ರೆ ಕಾಲ ನೋಡು. 1930ರ ಏಪ್ರಿಲ್‌ನಾಗೆ ಅಂಕೋಲದಲ್ಲಿ ನಮ್ಮೋರು ಉಪ್ಪು ತೆಗೀತಾ ಇದ್ರು. ಮೇ 5ಕ್ಕೆ ಗಾಂಧೀಜಿನ ಅರೆಸ್ಟ್ ಮಾಡಿದ್ರು. ಅದಾಗಿ ಎರಡು ವಾರ ಆಗೋದ್ರೊಳಗೆ ಪ್ಯಾರಿಸ್‌ನಿಂದ ಆ ಕಾಗದ ಲಂಡನ್ನಿಗೆ ಹೋತು. ಬ್ರಿಟನ್ ತನಗೆ ಯುರೋಪಿಗಿಂತ ದೊಡ್ಡ ಸಂಸಾರ ಐತೆ ಅಂದಾಗ ಆ ಸಂಸಾರದಲ್ಲಿ ಹೆಚ್ಚು ಬಾಯಿ ನಮ್ಮವೇ ಇದ್ವು, ಅವೂ ಕೂಗಾಡ್ತಾ ಇದ್ವು.

ಅದೇ ವರ್ಷ ನವೆಂಬರ್ 12ಕ್ಕೆ ಲಂಡನ್ನಿನಾಗೆ ದುಂಡು ಮೇಜಿನ ಪರಿಷತ್ತು. ಅಲ್ಲಿ ಮಾತಾಡಿದ್ದು ಇನ್ನೊಂದು ಒಕ್ಕೂಟ, ಬ್ರಿಟಿಷ್ ಪ್ರಾಂತ್ಯಗಳೂ ರಾಜರ ಸಂಸ್ಥಾನಗಳೂ ಸೇರಿದ ಅಖಿಲ ಭಾರತ ಫೆಡರೇಶನ್. ಮೈಸೂರಿನ ದಿವಾನ್ ಮಿರ್ಜಾ ಇಸ್ಮಾಯಿಲ್ ಅವರು ಅದರ ಪರವಾಗಿ ಮಾತಾಡಿದ್ರು. 1935ರ ಕಾಯ್ದೇಲಿ ಅದು ಬಂತು ಕೂಡ, ಆದ್ರೆ ಸಂಸ್ಥಾನಗಳ ಜನಸಂಖ್ಯೆಯಲ್ಲಿ ಕನಿಷ್ಠ ಅರ್ಧ ಭಾಗ ಇರೋವಷ್ಟು ರಾಜರು ಸಹಿ ಹಾಕಬೇಕು ಅಂತ ಷರತ್ತು. ರಾಜರು ತಲೆ ತುರಿಸ್ಕೊಂತ ಕೂತ್ರು, 1939ರಾಗೆ ಯುದ್ಧ ಬಂತು, ಫೆಡರೇಶನ್ ಭಾಗ ಕಾಗದದ ಮೇಲೇ ಉಳೀತು. ಬ್ರಿಯಾಂಡನ ಒಕ್ಕೂಟನೂ ಅದೂ ಒಂದೇ ಕಾಲದಾಗೆ ಹುಟ್ಟಿ ಹೆಚ್ಚೂಕಮ್ಮಿ ಒಂದೇ ಕಾಯಿಲೆಗೆ ಹೋದ್ವು, ಎಲ್ರಿಗೂ ಒಕ್ಕೂಟ ಬೇಕು, ತನ್ನ ದರ್ಬಾರು ಮಾತ್ರ ಅಲ್ಲಾಡಬಾರದು.

ಇನ್ನ ನಮ್ಮ ಊರಿನದು ಹೇಳ್ತೀನಿ. ಆಗ ಇಲ್ಲಿ ತುಂಗಭದ್ರೆ ಈ ದಡ ಮೈಸೂರು ಸಂಸ್ಥಾನ, ಚಿತ್ರದುರ್ಗ ಜಿಲ್ಲೆ. ಆ ದಡ ರಾಣೆಬೆನ್ನೂರು ಕಡೆ ಧಾರವಾಡ ಜಿಲ್ಲೆ, ಮುಂಬಯಿ ಸರ್ಕಾರ. ಹರಪನಹಳ್ಳಿ ಬಳ್ಳಾರಿ ಜಿಲ್ಲೆ, ಮದ್ರಾಸು. ಅರ್ಧ ದಿನದ ದಾರೀಲಿ ಮೂರು ಸರ್ಕಾರ, ಮಾತಾಡೋದು ಒಂದೇ ಕನ್ನಡ. ಹೆಣ್ಣು ಕೊಟ್ಟು ತಂದು ಮಾಡಿದೋರೇ ಎಲ್ಲಾ. ಬಳ್ಳಾರಿ ಜಿಲ್ಲೆ ಹೆಚ್ಚಿನ ಭಾಗ 1953ಕ್ಕೆ ಮೈಸೂರಿಗೆ ಬಂತು, ಧಾರವಾಡ ಮತ್ತೆ ಬೇರೆ ಕನ್ನಡ ಜಿಲ್ಲೆಗಳು 1956 ನವೆಂಬರ್ 1ಕ್ಕೆ. ಆಗಲೂ ಹಳೇ ಮೈಸೂರಿನೋರು ಭಾಳ ಜನ ಬೇಡ ಅಂದ್ರು, ನಮ್ಮ ದುಡ್ಡು ಆ ಬರಗಾಲದ ಜಿಲ್ಲೆಗಳಿಗೆ ಹೋಗ್ತದೆ ಅಂತ. ಕೆಂಗಲ್ ಹನುಮಂತಯ್ಯನವರು ತಮ್ಮ ಕಡೆಯೋರ ವಿರೋಧ ಕಟ್ಕೊಂಡು ಏಕೀಕರಣದ ಪರ ನಿಂತ್ರು, ಮೊದಲ ಮುಖ್ಯಮಂತ್ರಿ ಆಗಿದ್ದು ಮಾತ್ರ ನಮ್ಮ ದುರ್ಗದ ನಿಜಲಿಂಗಪ್ಪನವರು. ದುರ್ಗದೋರೂ ಹರಪನಹಳ್ಳಿಯೋರೂ ಪಾಳೇಗಾರರ ಕಾಲದಾಗೆ ಮಾಯಕೊಂಡದಲ್ಲಿ ತಲೆ ಒಡ್ಕೊಂಡೋರು, ಹಿರೇ ಮದಕರಿನಾಯಕ ಸತ್ತಿದ್ದು ಅಲ್ಲೇ. ಈಗ ಮಾಯಕೊಂಡಕ್ಕೆ ಬಸ್ಸು ಹೋಗ್ತದೆ, ಗಡಿ ಎಲ್ಲಿತ್ತು ಅಂತ ಕಂಡಕ್ಟರ್‌ಗೂ ಗೊತ್ತಿಲ್ಲ.


ಮಂಡಕ್ಕಿ_ಭಟ್ಟಿ (ದಾವಣಗೆರೆ)

ಮೇಷ್ಟ್ರೇ ನಮಸ್ಕಾರ. ಆದ್ರೂ ನಾನು ಬಿಡಲ್ಲ 😄 ನಮ್ಮ ಸಂಸ್ಥಾನಗಳು ಸೇರಿದ್ದು ಪಟೇಲರ ಹಿಂದೆ ಬಲ ಇತ್ತು ಅಂತ. ಹೈದರಾಬಾದಿಗೆ 1948 ಸೆಪ್ಟೆಂಬರಲ್ಲಿ ಸೈನ್ಯ ಹೋಗ್ಲಿಲ್ವಾ? ಬ್ರಿಯಾಂಡ್ ಹಿಂದೆ ಏನಿತ್ತು, ಬರೀ ಒಳ್ಳೆ ಗಂಟಲು.


ಹರಿಹರದ_ಮೇಷ್ಟ್ರು (ನಿವೃತ್ತ)

ಹೈದರಾಬಾದ್ ಹೌದಪ್ಪಾ, ಇಲ್ಲ ಅಂದೋರ್ಯಾರು. ಐನೂರಾ ಅರವತ್ತಕ್ಕೂ ಹೆಚ್ಚು ಸಂಸ್ಥಾನದಾಗೆ ಸೈನ್ಯ ಹೋಗಿದ್ದು ಎಷ್ಟು ಕಡೆ ಅಂತ ಎಣಿಸಿ ಹೇಳು. ಮೈಸೂರು ಮಹಾರಾಜರು 1947ರ ಆಗಸ್ಟ್ ಹದಿನೈದಕ್ಕೂ ಮೊದಲೇ ಸಹಿ ಹಾಕಿದ್ರು. ಆಮೇಲೆ ಜನರ ಸರ್ಕಾರ ಕೊಡೋಕೆ ಹಿಂದೇಟು ಹಾಕಿದಾಗ ಮೈಸೂರು ಚಲೋ ನಡೆಸಿದ್ದು ನಮ್ಮೂರ ಕಡೆ ಜನಾನೇ, ಶಾಲೆ ಹುಡುಗರು ಜೈಲಿಗೆ ಹೋಗ್ಯಾರೆ, ಅಕ್ಟೋಬರ್‌ನಾಗೆ ಕೆ.ಸಿ.ರೆಡ್ಡಿಯವರ ಸರ್ಕಾರ ಬಂತು.

ಮತ್ತೆ ಆ ಸೇರ್ಪಡೆ ಪತ್ರದಾಗೆ ರಾಜರ ಹತ್ರ ಮೊದಲು ಕೇಳಿದ್ದು ಎಷ್ಟು ಗೊತ್ತೇನು? ರಕ್ಷಣೆ, ವಿದೇಶಾಂಗ, ಸಂಪರ್ಕ, ಮೂರೇ ಬಾಬ್ತು. ಕಂದಾಯ, ಪೊಲೀಸು, ಕೋರ್ಟು ಎಲ್ಲಾ ನಿಮ್ಮದೇ ಇರ್ಲಿ ಅಂದ್ರು. ಮೂರು ತಾನೇ ಅಂತ ರಾಜರು ಸಹಿ ಹಾಕಿದ್ರು. ಉಳಿದಿದ್ದು ಎರಡು ಮೂರು ವರ್ಷದಾಗೆ ಒಂದೊಂದಾಗಿ ಬಂತು. ದುರ್ಗದ ತಮ್ಮ ಹೇಳಿದ ಕಲ್ಲಿದ್ದಲು, ಉಕ್ಕಿನ ಲೆಕ್ಕದ ಪಕ್ಕಕ್ಕೆ ಇದನ್ನೂ ಇಟ್ಟು ಬರಿ ಕೆಎ17, ಪೇಪರ್ ನೋಡೋರಿಗೆ ಹೊಸದಾಗಿ ಕಾಣ್ತದೆ. ಮೊಮ್ಮಗಳಿಗೆ ನಾಳೆ ಟೆಸ್ಟ್ ಐತಂತೆ, ಇನ್ನ ಬಿಡ್ತೀನಿ.